11 ಮೇಳ, 143 ಕಾಪಿ: ಸ್ವಂತ ಪುಸ್ತಕ ಟೇಬಲ್ ಹಾಕಿ ಮಾರೋರು ಯಾರಿದ್ದೀರಿ ಇಲ್ಲಿ?

ಒಂಟಿಟೇಬಲ್

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಆಗತ್ತೆ, ಪುರುಸೊತ್ತಿದ್ರೆ ಓದಿ.

ನಂದು ಒಂದೇ ಒಂದು ಕಾದಂಬರಿ. ಮೂರು ಜನ ಪ್ರಕಾಶಕರಿಗೆ ಕಳಿಸಿದ್ದೆ, ಒಬ್ರು ಬೇಡ ಅಂದ್ರು, ಇಬ್ರು ಏನೂ ಅನ್ಲಿಲ್ಲ. ಕೊನೆಗೆ ನಾನೇ ದುಡ್ಡು ಹಾಕಿ 500 ಕಾಪಿ ಮಾಡಿಸ್ದೆ. ಈಗ ಬರೆದೋನೂ ನಾನೇ, ಪ್ರಕಾಶಕನೂ ನಾನೇ, ಡಬ್ಬ ಹೊರೋ ಹಮಾಲಿನೂ ನಾನೇ. ಕಳೆದ ಒಂದು ವರ್ಷದಲ್ಲಿ ಸುತ್ತಮುತ್ತ ಎಲ್ಲಿ ಏನೇ ನಡೆದ್ರೂ, ಪುಸ್ತಕ ಮೇಳ, ಲೈಬ್ರರಿ ಕಾರ್ಯಕ್ರಮ, ಶಾಲೆ ವಾರ್ಷಿಕೋತ್ಸವ, ಒಂದ್ಸಲ ಕರಕುಶಲ ಸಂತೆ ಕೂಡ, ಹೋಗಿ ಟೇಬಲ್ ಹಾಕಿದೀನಿ. ಒಟ್ಟು 11 ಕಡೆ. ಮಾರಿದ್ದು 143.

ಕೇಳೋಕೆ ಪರವಾಗಿಲ್ಲ ಅನ್ಸತ್ತೆ. ಆದ್ರೆ ಅದ್ರಲ್ಲಿ 58 ಹೋಗಿದ್ದು ಮೊದಲನೇ ದಿನವೇ, ಅವತ್ತು ಬಂದೋರೆಲ್ಲ ಆಫೀಸ್ನೋರು, ನೆಂಟರು, ನನ್ ಹೆಂಡ್ತಿ ಫ್ರೆಂಡ್ಸು. ಅವ್ರನ್ನ ಬಿಟ್ರೆ ಉಳಿದ 10 ಮೇಳಕ್ಕೆ 85 ಕಾಪಿ. ಮೇಳಕ್ಕೆ ಎಂಟೂವರೆ.

ನಾನು ದುಡ್ಡಲ್ಲಿ ಲೆಕ್ಕ ಹಾಕೋದು ಬಿಟ್ಟಿದೀನಿ, ತಲೆ ಕೆಡತ್ತೆ. ಪ್ರಿಂಟಿಂಗ್ ಖರ್ಚು, ರಿಯಾಯಿತಿ ಎಲ್ಲಾ ಕಳೆದು ಒಂದು ಕಾಪಿ ಮೇಲೆ ಕೈಗೆ ಉಳಿಯೋದು ಇಷ್ಟು ಅಂತ ಇದ್ಯಲ್ಲ, ಅದೇ ನನ್ನ ನಾಣ್ಯ. ಟೇಬಲ್ ಬಾಡಿಗೆ 6 ಕಾಪಿ. ಹೋಗಿ ಬರೋ ಗಾಡಿ ಖರ್ಚು 3 ಕಾಪಿ. ಒಂಬತ್ತು ಹೋದ್ರೆ ನಾನು ಸೊನ್ನೆ. ಎಂಟೂವರೆ ಅಂದ್ರೆ ಪ್ರತಿ ಸಲ ಅರ್ಧ ಪುಸ್ತಕ ಕೈಯಿಂದ ಕೊಟ್ಟು ವಾಪಸ್ ಬಂದಂಗೆ.

ಹೋದ ತಿಂಗಳ ಮೇಳದಲ್ಲಿ ನಂಗೆ ಬಾಗಿಲ ಹತ್ರ ಜಾಗ ಅಂತ ಹೇಳಿ ದುಡ್ಡು ಇಸ್ಕೊಂಡು, ಬೆಳಿಗ್ಗೆ ಹೋದ್ರೆ ಸ್ಟೇಜ್ ಹಿಂದೆ ಜನರೇಟರ್ ಪಕ್ಕ ಕೂರಿಸಿದ್ರು. ಶಬ್ದಕ್ಕೆ ನನ್ನ ಮಾತು ನಂಗೇ ಕೇಳ್ತಿರ್ಲಿಲ್ಲ. ಇಡೀ ದಿನದಲ್ಲಿ ಪುಸ್ತಕ ಕೈಗೆ ತಗೊಂಡೋರು 14 ಜನ, ಕೊಂಡೋರು 3. ಟಾಯ್ಲೆಟ್ ಎಲ್ಲಿ ಅಂತ ಕೇಳಿದೋರು 22 (ಬೇಜಾರಿಗೆ ಹಾಳೆ ಮೇಲೆ ಗೀಟು ಹಾಕ್ಕೊಂಡು ಕೂತಿದ್ದೆ).

ಇನ್ನು ಮೂರು ವಾರಕ್ಕೆ ಇನ್ನೊಂದಿದೆ. ಹೋಗ್ಲಾ, ಬಿಡ್ಲಾ? ಮಂಚದ ಕೆಳಗೆ ಡಬ್ಬಗಳು ಇನ್ನೂ ಹಂಗೇ ಇವೆ.

ಬೆನ್ನುಡಿ

ಹೋಗಿ ಅಂತನೂ ಹೇಳಲ್ಲ, ಬಿಡಿ ಅಂತನೂ ಹೇಳಲ್ಲ. ಮೊದಲು ಒಂದ್ ಪ್ರಶ್ನೆ. ಟೇಬಲ್ ಹಿಂದೆ ಏನ್ ಮಾಡ್ತಿರ್ತೀರಿ? ಕೂತಿರ್ತೀರೋ ನಿಂತಿರ್ತೀರೋ? ಯಾರಾದ್ರೂ ಬಂದ್ರೆ ಮೊದಲ ಮಾತು ಏನು?

ಒಂಟಿಟೇಬಲ್

ಕೂತಿರ್ತೀನಿ. ನಿಜ ಹೇಳ್ಬೇಕಂದ್ರೆ ಫೋನ್ ನೋಡ್ತಿರ್ತೀನಿ, ಯಾಕಂದ್ರೆ ಹೋಗೋ ಬರೋರ ಮುಖ ನೋಡ್ತಾ ಕೂತ್ರೆ ಭಿಕ್ಷೆ ಕೇಳ್ದಂಗೆ ಅನ್ಸತ್ತೆ. ಮೊದಲ ಮಾತು "ಬನ್ನಿ ಸರ್, ನೋಡಿ". ಆಮೇಲೆ ಕಥೆ ಹೇಳೋಕೆ ಶುರು ಮಾಡ್ತೀನಿ, ಅದು ಎರಡು ತಲೆಮಾರಿನ ಕಥೆ ಆಗಿರೋದ್ರಿಂದ ಸ್ವಲ್ಪ ಟೈಮ್ ತಗೊಳತ್ತೆ.

ನಿಂತೇಮಾರೋಳು

ಅಯ್ಯೋ ತಮ್ಮಾ, ಅಲ್ಲೇ ಇರೋದು ಎಡವಟ್ಟು!

ನಂದು ಮೂರು ಮಕ್ಕಳ ಪುಸ್ತಕ, ಆರು ವರ್ಷದಿಂದ ಮೇಳ ಸುತ್ತುತಾ ಇದೀನಿ. ಕುರ್ಚಿ ಕೊಟ್ರೆ ಮೊದಲು ಅದನ್ನ ತಗೊಂಡು ಹೋಗಿ ಹಿಂದೆ ಇಡ್ತೀನಿ, ಬ್ಯಾಗ್ ಇಡೋಕೆ ಚೆನ್ನಾಗಿರತ್ತೆ. ಟೇಬಲ್ ಹಿಂದೆನೂ ನಿಲ್ಲಲ್ಲ, ಪಕ್ಕದಲ್ಲಿ ನಿಲ್ತೀನಿ, ಗಿರಾಕಿ ನಿಲ್ಲೋ ಕಡೆನೇ. ಟೇಬಲ್ ಮಧ್ಯ ಇದ್ರೆ ಅದು ಬ್ಯಾಂಕ್ ಕೌಂಟರ್ ಥರ ಆಗ್ಬಿಡತ್ತೆ.

ಕಥೆ ಹೇಳ್ಬೇಡಿ. ಒಂದೇ ಒಂದು ವಾಕ್ಯ, ಅದೂ ಅವ್ರು ಪುಸ್ತಕದ ಮೇಲೆ ಕೈ ಇಟ್ಮೇಲೆ. ಆಮೇಲೆ ಬಾಯಿ ಮುಚ್ಕೊಂಡಿರಿ. ಇದೇ ಕಷ್ಟ, ನಂಗೆ ಎರಡು ವರ್ಷ ಬೇಕಾಯ್ತು ಕಲಿಯೋಕೆ. ಜನ ಪುಸ್ತಕ ತಗೊಂಡು ಏನ್ ಮಾಡ್ತಾರೆ ಅಂತ ನೋಡಿ ಒಂದ್ಸಲ. ಮುಖಪುಟ ನೋಡ್ತಾರೆ, ತಿರುಗಿಸಿ ಬೆನ್ನುಡಿ ನೋಡ್ತಾರೆ, ಮಧ್ಯ ಎಲ್ಲೋ ಬಿಚ್ಚಿ ನಾಲ್ಕು ಸಾಲು ಓದ್ತಾರೆ, ಬೆಲೆ ಹುಡುಕ್ತಾರೆ. ಬೆಲೆ ನೋಡಿದ್ಮೇಲೆ ಮತ್ತೆ ಮಧ್ಯದ ಪುಟಕ್ಕೆ ವಾಪಸ್ ಹೋದ್ರೆ ಅವ್ರು ತಗೋತಾರೆ. ಕೆಳಗಿಟ್ಟು, ಪಕ್ಕದ ಕಾಪಿಗಳ ಜೊತೆ ಅಂಚು ಸರಿಯಾಗಿ ಜೋಡಿಸಿ ಎರಡು ಬೆರಳಲ್ಲಿ ಒತ್ತಿದ್ರೆ ತಗೊಳಲ್ಲ, ಅದು "ಕ್ಷಮಿಸಿ" ಅಂತ ಹೇಳೋ ರೀತಿ. ಅವ್ರನ್ನ ಬಿಟ್ಬಿಡಿ, ಹಿಂದೆ ಬೀಳ್ಬೇಡಿ.

ಸುಮ್ನೆಓದುಗ

ನಾನು ಬರೆಯೋನಲ್ಲ, ಕೊಳ್ಳೋನು. ಗಿರಾಕಿ ಕಡೆಯಿಂದ ಒಂದು ಮಾತು ಹೇಳ್ಬಹುದಾ?

ಲೇಖಕರೇ ಕೂತಿರೋ ಮಳಿಗೆ ಕಂಡ್ರೆ ನಾನು ಆ ಸಾಲಿಗೇ ಹೋಗಲ್ಲ, ಸುತ್ತಾಕ್ಕೊಂಡು ಆ ಕಡೆಯಿಂದ ಹೋಗ್ತೀನಿ. ಅಹಂಕಾರ ಅಲ್ಲ ಸ್ವಾಮಿ, ಭಯ. ಅಂಗಡೀಲಿ ಆದ್ರೆ 20 ಪುಸ್ತಕ ತೆಗೆದು 20ನ್ನೂ ವಾಪಸ್ ಇಟ್ಟು ಬರಬಹುದು, ಯಾರೂ ಏನೂ ಅಂದ್ಕೊಳಲ್ಲ. ಇಲ್ಲಿ ಬರೆದೋರು ಎದುರಿಗೇ ನಿಂತು ನನ್ನ ಮುಖಾನೇ ನೋಡ್ತಿರ್ತಾರೆ, ನಾನು ಪುಸ್ತಕ ಕೆಳಗಿಟ್ರೆ ಅವರ ಮಗೂನ ಬೇಡ ಅಂದಂಗೆ. ಒಂದ್ಸಲ ಒಬ್ರು ನನ್ ಕೈಗೆ ಪುಸ್ತಕ ಕೊಟ್ಟು, ನಾನು ಬೆನ್ನುಡಿ ಓದ್ತಾ ಇರೋವಾಗ್ಲೇ ಪೆನ್ ತೆಗೆದು "ಹೆಸ್ರು ಏನ್ ಬರೀಲಿ ಸರ್" ಅಂದ್ರು. ತಗೊಂಡೆ. ಇವತ್ತಿಗೂ ಓದಿಲ್ಲ. ಕಪಾಟಲ್ಲಿ ನನ್ನ ಹೆಸರು ಹೊತ್ಕೊಂಡು ಕೂತಿದೆ, ಯಾರಿಗೂ ಕೊಡೋಕೂ ಆಗಲ್ಲ.

ನಿಂತೇಮಾರೋಳು

ಹಹಹ, ಆ ಪೆನ್ ಕಥೆ ನಿಜ. ನಾನೂ ಮೊದಲು ಹಂಗೇ ಮಾಡ್ತಿದ್ದೆ, ಒಪ್ಕೋತೀನಿ. ಆದ್ರೆ ಸುಮ್ನೆಓದುಗ ಅವ್ರೇ, ಭಯ ಇಬ್ರಿಗೂ ಇರತ್ತೆ. ನಾನು ಈಗ ಏನ್ ಮಾಡ್ತೀನಿ ಅಂದ್ರೆ ಕೈಗೆ ಕೆಲಸ ಇಟ್ಕೊಂಡಿರ್ತೀನಿ, ಬುಕ್‌ಮಾರ್ಕ್ ಕತ್ತರಿಸೋದೋ, ಕಾಪಿ ಜೋಡಿಸೋದೋ. ಕಣ್ಣು ಕೆಳಗಿದ್ರೆ ಜನ ಧೈರ್ಯವಾಗಿ ಹತ್ರ ಬರ್ತಾರೆ. ಫೋನ್ ಮಾತ್ರ ಬೇಡ, ಫೋನ್ ನೋಡೋನ್ನ ಯಾರೂ ಮಾತಾಡ್ಸಲ್ಲ.

ಲೆಕ್ಕದಮೇಷ್ಟ್ರು

ಒಂಟಿಟೇಬಲ್ ಅವ್ರೇ, ಕಾಪಿ ಲೆಕ್ಕ ಬಹಳ ಇಷ್ಟ ಆಯ್ತು. ಒಂದು ಡೌಟು, ಮೇಳಕ್ಕೆ ಎಷ್ಟು ಕಾಪಿ ತಗೊಂಡು ಹೋಗ್ತೀರಿ? ಪುಸ್ತಕದ ಸೈಜು, ಪುಟ ಎಷ್ಟು?

ಒಂಟಿಟೇಬಲ್

100. ಕಮ್ಮಿ ಬಿದ್ರೆ ಅಂತ. ಡೆಮಿ 1/8, 208 ಪುಟ, 70 ಜಿಎಸ್ಎಂ.

ಲೆಕ್ಕದಮೇಷ್ಟ್ರು

ಅಂದ್ಕೊಂಡೆ. ನೋಡಿ, 208 ಪುಟ ಅಂದ್ರೆ 104 ಹಾಳೆ (16 ಪುಟದ ಫಾರಂ 13, ಸರಿಯಾಗಿ ಕೂತಿದೆ, ನಿಮ್ಮ ಪ್ರಿಂಟರ್ ಒಳ್ಳೆಯೋರು). ಒಂದು ಹಾಳೆ 14 ಸೆಂಮೀ ಅಗಲ, 21.5 ಉದ್ದ, ಅಂದ್ರೆ 0.03 ಚದರ ಮೀಟರ್. 104 ಹಾಳೆಗೆ ಮೂರು ಚದರ ಮೀಟರ್ ಚಿಲ್ಲರೆ. ಚದರ ಮೀಟರಿಗೆ 70 ಗ್ರಾಂ, ಅಲ್ಲಿಗೆ 219 ಗ್ರಾಂ. ರಕ್ಷಾಪುಟ, ಅಂಟು ಸೇರಿ 240 ಅಂತ ಇಟ್ಕೊಳ್ಳಿ. 100 ಕಾಪಿ 24 ಕಿಲೋ! ಎಂಟೂವರೆ ಮಾರೋಕೆ 24 ಕಿಲೋ ಹೊರ್ತಾ ಇದೀರಿ, ಅದಕ್ಕೇ ನಿಮಗೆ ಗಾಡಿ ಬೇಕಾಗಿರೋದು. 25 ತಗೊಂಡು ಹೋಗಿ, 6 ಕಿಲೋ, ಬೆನ್ನಿಗೆ ಹಾಕೋ ಬ್ಯಾಗಲ್ಲಿ ಬಸ್ಸಲ್ಲೇ ಹೋಗಬಹುದು. ನಿಮ್ಮ ಮೂರು ಕಾಪಿ ಖರ್ಚು ಅರ್ಧ ಕಾಪಿಗೆ ಇಳಿಯತ್ತೆ. ಖಾಲಿ ಆದ್ರೆ ಇನ್ನೂ ಒಳ್ಳೇದೇ, ಹೆಸರು ನಂಬರ್ ಬರ್ಕೊಂಡು ಆಮೇಲೆ ಕಳಿಸಿ.

ಎರಡನೇದು, ಟೇಬಲ್ ಪೂರ್ತಿ ಯಾಕೆ? ಒಂದೇ ಪುಸ್ತಕಕ್ಕೆ ಅಷ್ಟು ಉದ್ದದ ಟೇಬಲ್ ಅಂದ್ರೆ ಖಾಲಿ ಗದ್ದೇಲಿ ಒಂದು ಬೆದರುಬೊಂಬೆ ನಿಲ್ಸಿದಂಗೆ ಕಾಣತ್ತೆ. ಇನ್ನೊಬ್ರ ಜೊತೆ ಹಂಚ್ಕೊಳ್ಳಿ, 6 ಇದ್ದಿದ್ದು 3 ಆಗತ್ತೆ. ಮೂರೂವರೆ ಕಾಪಿಗೆ ಸೊನ್ನೆ. ಉಳಿದ ಐದು ನಿಮ್ಮದು.

ಹಳೇಗಂಟು

ಇಷ್ಟಕ್ಕೆಲ್ಲ ಬೇಜಾರು ಮಾಡ್ಕೊಂಡ್ರೆ ಹೆಂಗೆ? ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ಕೊಂಡು ಊರೂರು ತಿರುಗಿ ಮಾರಿದ್ರು. ಅವರಿಗೆ ಟೇಬಲ್ ಇತ್ತಾ, ಕುರ್ಚಿ ಇತ್ತಾ?

ನಡುಪುಟ

ಶುರುವಾಯ್ತು. ಗಳಗನಾಥರ ಮೇಲೆ ನಂಗೂ ಅಪಾರ ಗೌರವ ಇದೆ ಸರ್, ಆದ್ರೆ ಪುಸ್ತಕ ಮಾರೋಕೆ ಕಷ್ಟ ಅಂತ ಯಾರಾದ್ರೂ ಬಾಯಿ ಬಿಟ್ಟ ತಕ್ಷಣ ಅವರ ಹೆಸರು ತಂದು ಬಾಯಿ ಮುಚ್ಸೋದು ನಿಲ್ಲಬೇಕು. ಅವರು ಹೊತ್ರು ಅನ್ನೋದನ್ನ ನಾವು ಹೆಮ್ಮೆಯಿಂದ ಹೇಳ್ತೀವಿ, ಹೊರೋ ಗತಿ ಯಾಕೆ ಬಂತು ಅಂತ ಯಾರೂ ಕೇಳಲ್ಲ. 1942ರಲ್ಲಿ ತೀರ್ಕೊಂಡ್ರು ಅವರು. ಇಷ್ಟು ವರ್ಷ ಆದ್ಮೇಲೂ ಬರೆಯೋನು ಹೊರಲೇಬೇಕು ಅಂದ್ರೆ ಅದೇನು ಆದರ್ಶನಾ?

ಹಳೇಗಂಟು

ಬಾಯಿ ಮುಚ್ಸೋಕೆ ಹೇಳಿದ್ದಲ್ಲಪ್ಪ. ಧೈರ್ಯಕ್ಕೆ ಹೇಳ್ದೆ. ಸರಿ ಬಿಡಿ, ನಿಮ್ಮ ಮಾತೂ ಸರಿನೇ.

ಪುಟ್ಟಪುಸ್ತಕ

ಮಂಚದ ಕೆಳಗಿನ ಡಬ್ಬದ ವಿಷಯ ಬಂದಿದ್ದಕ್ಕೆ ಹೇಳ್ತೀನಿ. ಅಮೆರಿಕದ ಲೇಖಕ ಥೋರೋ ಅವರ ಮೊದಲ ಪುಸ್ತಕ 1849ರಲ್ಲಿ ಬಂತು, ಖರ್ಚು ಅವರದ್ದೇ, 1000 ಕಾಪಿ. ನಾಲ್ಕು ವರ್ಷ ಆದ್ಮೇಲೆ ಪ್ರಕಾಶಕ ಇಟ್ಕೊಳ್ಳೋಕೆ ಜಾಗ ಇಲ್ಲ ಅಂತ 706 ವಾಪಸ್ ಕಳಿಸ್ದ. ಅವರು ಡೈರೀಲಿ ಬರ್ಕೊಂಡಿದಾರೆ, ನನ್ನ ಮನೆ ಲೈಬ್ರರೀಲಿ ಈಗ ಹತ್ರ ಹತ್ರ 900 ಪುಸ್ತಕ ಇವೆ, ಅದ್ರಲ್ಲಿ 700ಕ್ಕೂ ಜಾಸ್ತಿ ನಾನೇ ಬರೆದಿದ್ದು ಅಂತ. ಅಣ್ಣ ನಿಮ್ಮದು ಅದಕ್ಕಿಂತ ಎಷ್ಟೋ ವಾಸಿ.

ಒಂಟಿಟೇಬಲ್

ಇದನ್ನ ಹೆಂಡ್ತಿಗೆ ಓದಿ ಹೇಳ್ದೆ. "ಅವರ ಹೆಂಡ್ತಿ ಏನಂದ್ರಂತೆ" ಅಂತ ಕೇಳಿದ್ಳು.

ಪುಟ್ಟಪುಸ್ತಕ

ಮದುವೆನೇ ಆಗಿರ್ಲಿಲ್ಲ ಅಣ್ಣ ಅವ್ರು 😄

ಮಳೆಗಾಲ_ಬೈಂಡರ್

ಡಬ್ಬದ ಬಗ್ಗೆನೇ ಒಂದು ಮಾತು, ನಾನು ಬೈಂಡಿಂಗ್ ಕೆಲಸದೋನು. ನೆಲದ ಮೇಲೆ ನೇರವಾಗಿ ಇಡ್ಬೇಡಿ, ಕೆಳಗೆ ಹಲಗೆ ಹಾಕಿ, ಗೋಡೆಗೂ ತಾಗಿಸ್ಬೇಡಿ. ಟೇಬಲ್ ಮೇಲಿಟ್ಟ ಕಾಪಿಗಳ ಮುಖಪುಟ ಮಧ್ಯಾಹ್ನಕ್ಕೆ ಬಾಯಿ ತೆಗೆದಂಗೆ ಮೇಲಕ್ಕೆ ಏಳತ್ತಲ್ಲ, ಬಹಳ ಜನ ನಮ್ಮನ್ನ ಬೈತಾರೆ ಬೈಂಡಿಂಗ್ ಸರಿ ಇಲ್ಲ ಅಂತ. ಅದು ಬೈಂಡಿಂಗ್ ದೋಷ ಅಲ್ಲ. ರಕ್ಷಾಪುಟಕ್ಕೆ ಲ್ಯಾಮಿನೇಷನ್ ಹೊರಗಡೆ ಮಾತ್ರ ಇರತ್ತೆ, ಒಳಗಡೆ ಬರೀ ಕಾಗದ. ಗಾಳೀಲಿ ತೇವ ಇದ್ರೆ ಒಳಗಿನ ಕಾಗದ ಹೀರ್ಕೊಂಡು ಹಿಗ್ಗತ್ತೆ, ಹೊರಗಿನ ಪ್ಲಾಸ್ಟಿಕ್ ಹಿಗ್ಗಲ್ಲ, ಅದಕ್ಕೇ ಹೊರಗಡೆಗೆ ಸುರುಳಿ ಆಗೋದು. ನೋಡೋಕೆ ಅಂತ ಎರಡು ಕಾಪಿ ಮಾತ್ರ ಹೊರಗಿಡಿ, ಉಳಿದಿದ್ದು ಚೀಲದಲ್ಲಿರ್ಲಿ. ಸುರುಳಿ ಆಗಿದ್ದನ್ನ ರಾತ್ರಿ ಭಾರ ಹೇರಿ ಮಲಗ್ಸಿ.

ಬೆನ್ನುಡಿ

ಆ ಎರಡು ಕಾಪಿ ಬೇಕಂತಲೇ ಹಳೇದು ಇಡಿ, ಮೂಲೆ ಸವೆದಿದ್ದು. ಹೊಸಾ ಗರಿಗರಿ ಪುಸ್ತಕ ಮುಟ್ಟೋಕೆ ಜನ ಹಿಂಜರಿತಾರೆ, ಯಾರೋ ಓದಿದಂಗೆ ಇರೋದನ್ನ ಸಲೀಸಾಗಿ ಎತ್ಕೋತಾರೆ. ಹೇಳೋಕೆ ಮರೆತಿದ್ದೆ, ಒಂದನ್ನ ನಿಲ್ಸಿ ಇಡಿ, ಎಲ್ಲಾನೂ ಮಲಗಿಸಿಟ್ರೆ ನಾಲ್ಕು ಹೆಜ್ಜೆ ದೂರದಿಂದ ಬರೀ ಮೇಜು ಕಾಣತ್ತೆ.

ಉತ್ತರದ_ಕವಿ

ನಂದೂ ಹಂಗ ಆಗೇತ್ರಿ, ಆದ್ರ ನಂದು ಕವನ ಸಂಕಲನ, ನಿಮ್ಮ ಎಂಟೂವರೆ ನೋಡಿ ನನಗ ಹೊಟ್ಟಿಕಿಚ್ಚು ಬಂತು. 😀

ಒಂದು ಅನುಭವ ಹೇಳ್ತೀನಿ, ಹೆಸರು ಬ್ಯಾಡ. ಒಂದು ಕಾರ್ಯಕ್ರಮದಾಗ ಸಂಘಟಕರು ಅಂದ್ರು, ನೀವ್ಯಾಕ ಬಿಸಿಲಾಗ ಕುಂಡ್ರತೀರಿ, ನಮ್ಮ ಕೌಂಟರ್‌ನಾಗ ಇಟ್ಟು ಹೋಗ್ರಿ, ನಾವ ಮಾರಿ ಕೊಡ್ತೀವಿ ಅಂತ. ನಾ ಖುಷಿಯಿಂದ 40 ಕಾಪಿ ಕೊಟ್ಟು ಕವಿಗೋಷ್ಠಿ ಕೇಳಾಕ ಹೋದೆ. ಸಂಜಿಗೆ ಬಂದ್ರ ಕೌಂಟರ್ ಇಲ್ಲ, ಕುಂತ ಹುಡುಗನೂ ಇಲ್ಲ. ಆಮ್ಯಾಲ ಫೋನ್ ಮಾಡಿದ್ರ 12 ಹೋಗ್ಯಾವು ಅಂತಾರ, ಮುಂದಿನ ವಾರ 9 ಅಂತಾರ, ತಿಂಗಳಾದ ಮ್ಯಾಲ ವಾಪಸ್ ಬಂದಿದ್ದು 21. ಉಳಿದ 19ರಾಗ ಎಷ್ಟು ಮಾರ್ಯಾವು, ಎಷ್ಟು ಅತಿಥಿಗಳ ಕೈಯಾಗ ಹೋಗ್ಯಾವು ಯಾರಿಗೂ ಗೊತ್ತಿಲ್ಲ. ರೊಕ್ಕ ಅಂತೂ ಬರಲಿಲ್ಲ. ಎರಡು ವರ್ಷ ಆತು, ಈಗ ಕೇಳಾಕ ನನಗ ನಾಚಿಕಿ ಬರ್ತೈತಿ, ಅವರಿಗಲ್ಲ.

ಲೆಕ್ಕದಮೇಷ್ಟ್ರು

ಕವಿಗಳೇ, ಹೀಗೆ ಇಟ್ಟು ಬರೋದಾದ್ರೆ ಒಂದು ಹಾಳೆ ಸಾಕು. ಎಷ್ಟು ಕೊಟ್ಟೆ, ಯಾವತ್ತು, ಮುಖಬೆಲೆ ಎಷ್ಟು, ಅವ್ರಿಗೆ ಎಷ್ಟು ಪರ್ಸೆಂಟ್, ಲೆಕ್ಕ ಯಾವತ್ತು, ಕಳೆದುಹೋದ್ರೆ ಯಾರ ಹೊಣೆ. ಎರಡು ಪ್ರತಿ ಮಾಡಿ ಇಬ್ರೂ ಸೈನ್ ಹಾಕಿ. ಪುಸ್ತಕದಂಗಡಿಗೆ ಇಟ್ರೂ ಇದೇನೇ, ಅಲ್ಲಿ ಮುಖಬೆಲೇಲಿ 40 ಪರ್ಸೆಂಟ್ ಅವರೇ ಇಟ್ಕೊಂಡ್ರೂ ಆಶ್ಚರ್ಯ ಇಲ್ಲ, ಆದ್ರೆ ಅವ್ರ ಹತ್ರ ಲೆಕ್ಕ ಇರತ್ತೆ. ಕೊನೇದನ್ನ ಮರೀಬೇಡಿ, ಕಳೆದುಹೋದ್ರೆ ಯಾರ ಹೊಣೆ ಅನ್ನೋದು.

ಉತ್ತರದ_ಕವಿ

ಕವಿತಾ ಬರೆಯೋ ಕೈಲೆ ಕರಾರು ಪತ್ರ ಬರೀಬೇಕಾತು. ಆಗ್ಲಿ ಬರೀತೀನ್ರಿ.

ಹೊಸಬಳು_ಹೊಸಪುಸ್ತಕ

ಎಲ್ರಿಗೂ ನಮಸ್ತೆ, ನನ್ನ ಮೊದಲ ಪುಸ್ತಕ ಮುಂದಿನ ತಿಂಗಳು ಬರ್ತಿದೆ, ಈ ಚರ್ಚೆ ಓದಿ ಸ್ವಲ್ಪ ಭಯ ಆಗ್ತಿದೆ 🙈 ಮೂರು ಪ್ರಶ್ನೆ. ಆಫ್‌ಸೆಟ್ ಮಾಡಿಸ್ಲಾ ಪ್ರಿಂಟ್ ಆನ್ ಡಿಮ್ಯಾಂಡಾ? ಮೇಳದಲ್ಲಿ ಮಾರೋಕೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರ್) ಬೇಕೇ ಬೇಕಾ? ಆಮೇಲೆ ಕ್ಯೂಆರ್ ಕೋಡ್ ಒಂದಿದ್ರೆ ಸಾಕಾ, ಚಿಲ್ಲರೆನೂ ಇಟ್ಕೋಬೇಕಾ?

ಮಳೆಗಾಲ_ಬೈಂಡರ್

ಮೊದಲನೇದಕ್ಕೆ ನಾನು ಹೇಳ್ತೀನಿ ತಂಗಿ. ಆಫ್‌ಸೆಟ್‌ಗೆ ಪ್ಲೇಟ್ ಮಾಡ್ಬೇಕು, ಮಷಿನ್ ಹೊಂದಿಸ್ಬೇಕು, ಆ ಖರ್ಚು 100 ಕಾಪಿಗೂ ಒಂದೇ 1000 ಕಾಪಿಗೂ ಒಂದೇ. ಅದಕ್ಕೇ ಜಾಸ್ತಿ ಮಾಡಿಸಿದಷ್ಟೂ ಒಂದೊಂದು ಕಾಪಿ ಅಗ್ಗ. ಪ್ರಿಂಟರ್ "ಇನ್ನೊಂದು 500 ಹಾಕ್ಸಿ, ಬರೀ ಕಾಗದದ ದುಡ್ಡು" ಅಂತಾನೆ. ಅವನು ಸುಳ್ಳು ಹೇಳ್ತಿಲ್ಲ, ಆದ್ರೆ ಆ ಐನೂರು ಮಲಗೋದು ನಿಮ್ಮ ಮನೇಲಿ, ಅವನ ಮನೇಲಲ್ಲ. ಆನ್ ಡಿಮ್ಯಾಂಡ್‌ನಲ್ಲಿ ಒಂದಕ್ಕೆ ಬೀಳೋ ಖರ್ಚು ಜಾಸ್ತಿ, ಎಷ್ಟು ಮಾಡಿಸಿದ್ರೂ ಅಷ್ಟಾಗಿ ಇಳಿಯಲ್ಲ, ಆದ್ರೆ 30 ಬೇಕಾದ್ರೆ 30 ಮಾಡಿಸ್ಬಹುದು. ಮೊದಲ ಪುಸ್ತಕ ಅಂದ್ರೆ ನಾನಂತೂ ಕಮ್ಮಿನೇ ಮಾಡ್ಸಿ ಅಂತೀನಿ, ನನ್ನ ಹೊಟ್ಟೆಪಾಡಿಗೆ ವಿರುದ್ಧ ಆದ್ರೂ.

ಕರಡುಕಣ್ಣು

ಐಎಸ್‌ಬಿಎನ್ ವಿಷಯ. ಟೇಬಲ್ ಮೇಲಿಟ್ಟು ಮಾರೋಕೆ ಬೇಡ, ಯಾರೂ ಕೇಳಲ್ಲ. ಅಂಗಡಿ, ಲೈಬ್ರರಿ, ಆನ್‌ಲೈನ್ ಅಂದ ತಕ್ಷಣ ಕೇಳ್ತಾರೆ, ಅದಕ್ಕೆ ಮೊದಲೇ ತಗೊಂಡಿರೋದು ಒಳ್ಳೇದು. 2007ರಿಂದ 13 ಅಂಕಿ, 978 ಇಲ್ಲಾ 979ರಿಂದ ಶುರು ಆಗತ್ತೆ, ಕೊನೇ ಅಂಕಿ ಉಳಿದ ಹನ್ನೆರಡು ಸರಿ ಇದ್ಯಾ ಅಂತ ತಾಳೆ ನೋಡೋಕೆ. ಅದಕ್ಕೇ ಟೈಪ್ ಮಾಡೋವಾಗ ಒಂದಂಕಿ ತಪ್ಪಿದ್ರೂ ಕಂಪ್ಯೂಟರ್ ತಗೊಳಲ್ಲ. ಇ-ಪುಸ್ತಕ ಮಾಡಿದ್ರೆ ಅದಕ್ಕೆ ಬೇರೆ ನಂಬರ್. ಬರೀ ಅಚ್ಚಿನ ತಪ್ಪು ತಿದ್ದಿ ಮರುಮುದ್ರಣ ಮಾಡಿದ್ರೆ ಹಳೇ ನಂಬರೇ ಸಾಕು, ಪಠ್ಯ ಗಣನೀಯವಾಗಿ ಬದಲಾಯ್ಸಿ ಹೊಸ ಆವೃತ್ತಿ ಮಾಡಿದ್ರೆ ಹೊಸದು.

ಅದಕ್ಕಿಂತ ಮುಖ್ಯ, ಕರಡು ಬೇರೆಯವರಿಂದ ಓದ್ಸಿದೀರಾ? ನಾವೇ ಬರೆದಿದ್ದನ್ನ ನಾವು ಓದಲ್ಲ, ನೆನಪು ಮಾಡ್ಕೋತೀವಿ ಅಷ್ಟೆ.

ನಿಂತೇಮಾರೋಳು

ಕ್ಯೂಆರ್ ಬಗ್ಗೆ ನಾನು ಹೇಳ್ತೀನಿ, ಮೈ ಕೈ ಸುಟ್ಕೊಂಡಿದೀನಿ. ಚಂದ ಕಾಣ್ಲಿ ಅಂತ ಹೊಳೆಯೋ ಲ್ಯಾಮಿನೇಷನ್ ಹಾಕ್ಸಿ ಸ್ಟ್ಯಾಂಡ್ ಮಾಡಿಸ್ದೆ, ಸುತ್ತ ಬಳ್ಳಿ ಹೂವು ಎಲ್ಲಾ ಬರೆದು. ಬಯಲಲ್ಲಿ ಮೇಳ, ಬಿಸಿಲು ಬಿದ್ದು ಕನ್ನಡಿ ಥರ ಹೊಳೀತಿತ್ತು, ಯಾರ ಫೋನೂ ಓದ್ಲಿಲ್ಲ. ನಾನು ಅದ್ರ ಮೇಲೆ ನೆರಳಿಗೆ ಅಂತ ಇಡೀ ದಿನ ಒಂದು ಪುಸ್ತಕ ಹಿಡ್ಕೊಂಡು ನಿಂತಿದ್ದೆ. ಆಮೇಲೆ ಗೊತ್ತಾಯ್ತು ಆ ಬಳ್ಳಿನೂ ತಪ್ಪು, ಕೋಡ್ ಒಳಗೆ ಪುಟ್ಟ ಪುಟ್ಟ ಚೌಕ ಇರತ್ತಲ್ಲ, ಅಂಥ ನಾಲ್ಕು ಚೌಕದಷ್ಟು ಅಗಲ ಸುತ್ತ ಬಿಳಿ ಜಾಗ ಖಾಲಿ ಬಿಡ್ಲೇಬೇಕಂತೆ. ಮಂಕು ಕಾಗದದಲ್ಲಿ ದೊಡ್ಡದಾಗಿ ಪ್ರಿಂಟ್ ಮಾಡಿ, ಮನೆ ಹೊರಗೆ ಬಿಸಿಲಲ್ಲಿಟ್ಟು ಬೇರೆ ಯಾರದ್ದಾದ್ರೂ ಹಳೇ ಫೋನಲ್ಲಿ ಟ್ರೈ ಮಾಡಿ ನೋಡಿ.

ಚಿಲ್ಲರೆ ಬೇಕು. ಜನ ತುಂಬಿದ ಕಡೆ ನೆಟ್‌ವರ್ಕ್ ಕೈ ಕೊಡತ್ತೆ, ತಗೋಬೇಕು ಅಂತ ಮನಸು ಮಾಡಿದೋರು "ಒಂದು ಸುತ್ತು ಹಾಕ್ಕೊಂಡು ಬರ್ತೀನಿ" ಅಂತ ಹೋದ್ರೆ ಮುಗೀತು, ಆ ಸುತ್ತು ಇನ್ನೂ ಮುಗಿದಿಲ್ಲ.

ಪುಟ್ಟಪುಸ್ತಕ

ಕ್ಯೂಆರ್ ಕೋಡ್ ಜಪಾನಿನ ಡೆನ್ಸೋ ಕಂಪನಿ 1994ರಲ್ಲಿ ಕಾರಿನ ಬಿಡಿಭಾಗ ಗುರುತಿಡೋಕೆ ಮಾಡಿದ್ದು. ಫ್ಯಾಕ್ಟರಿ ಎಣ್ಣೆ ಕೊಳೆಯಲ್ಲೂ ಓದ್ಲಿ ಅಂತ ಸ್ವಲ್ಪ ಭಾಗ ಅಳಿಸಿ ಹೋದ್ರೂ ಕೆಲಸ ಮಾಡೋ ಥರ ಇದೆ. ಕೊಳೆ ತಡೆಯತ್ತೆ, ಹೊಳಪು ತಡೆಯಲ್ಲ ಅಕ್ಕ!

ನಡುಪುಟ

ರಿಯಾಯಿತಿ ಬಗ್ಗೆ ಯಾರೂ ಮಾತಾಡ್ಲಿಲ್ಲ. ನನ್ನ ಪ್ರಕಾರ ಮೇಳದಲ್ಲಿ ಲೇಖಕ ರಿಯಾಯಿತಿ ಕೊಡಲೇಬಾರದು. ಪಕ್ಕದ ಮಳಿಗೇಲಿ ಸಾವಿರ ಪುಸ್ತಕ ಇಟ್ಟೋನು 10 ಪರ್ಸೆಂಟ್ ಬಿಡ್ತಾನೆ, ಅವನಿಗೆ ನಡಿಯತ್ತೆ. ನೀವು ಬಿಟ್ರೆ ನಿಮ್ಮ ಕೂಲಿನೇ ಬಿಟ್ಟಂಗೆ.

ಬೆನ್ನುಡಿ

ಒಪ್ಪಲ್ಲ. ಜನಕ್ಕೆ ಮೇಳ ಅಂದ್ರೆ ಸ್ವಲ್ಪ ಕಮ್ಮಿಗೆ ಸಿಗತ್ತೆ ಅನ್ನೋ ನಿರೀಕ್ಷೆ ಇದ್ದೇ ಇರತ್ತೆ, ಅದನ್ನ ಎದುರಿಸಿ ಜಗಳ ಆಡೋಕೆ ಆಗತ್ತಾ? ಮುಖಬೆಲೆ ಇಡೋವಾಗ್ಲೇ ಯೋಚನೆ ಮಾಡಿ ಇಟ್ರೆ, ಬಿಡೋದನ್ನ ಬಿಟ್ಟು ಒಂದೇ ನೋಟಲ್ಲಿ ಚಿಲ್ಲರೆ ಇಲ್ದೆ ಮುಗಿಯೋ ಮೊತ್ತಕ್ಕೆ ಕೊಡಬಹುದು. ಅದು ರಿಯಾಯಿತಿಗಿಂತ ಜಾಸ್ತಿ ಕೆಲಸ ಮಾಡತ್ತೆ.

ನಡುಪುಟ

ಅಂದ್ರೆ ಮೊದಲು ಏರಿಸಿ ಆಮೇಲೆ ಇಳಿಸೋದು. ಅದಕ್ಕೆ ಬೇರೆ ಹೆಸರಿದೆ.

ಬೆನ್ನುಡಿ

ಇದೆ, ವ್ಯಾಪಾರ ಅಂತ.

ನಿಂತೇಮಾರೋಳು

ನೀವಿಬ್ರೂ ಜಗಳ ಆಡ್ತಿರಿ. ತಮ್ಮಾ ಒಂಟಿಟೇಬಲ್, ನೀವು ಹೇಳಿದ ಮುಂದಿನ ಮೇಳ ಯಾವುದು ಅಂತ ನಂಗೆ ಅಂದಾಜಿದೆ, ನಾನೂ ಅಲ್ಲಿಗೇ ಬರ್ತಿದೀನಿ. ನನ್ನ ಟೇಬಲ್‌ನಲ್ಲಿ ಅರ್ಧ ತಗೊಳ್ಳಿ. ನಂದು ಮಕ್ಕಳ ಪುಸ್ತಕ, ನಿಮ್ಮದು ದೊಡ್ಡೋರದ್ದು, ಮಗು ಚಿತ್ರ ನೋಡ್ತಾ ನಿಂತಾಗ ಅಪ್ಪ ಅಮ್ಮ ಸುಮ್ನೆ ನಿಂತಿರ್ತಾರೆ, ಅವರ ಕೈಗೆ ಏನಾದ್ರೂ ಬೇಕು. ಪರ್ಸನಲ್ ಮೆಸೇಜ್ ಮಾಡಿ. ಕುರ್ಚಿ ಇರಲ್ಲ, ಈಗ್ಲೇ ಹೇಳಿದೀನಿ.

ಒಂಟಿಟೇಬಲ್

ಅಕ್ಕ, ಮೆಸೇಜ್ ಮಾಡಿದೀನಿ. 25 ಕಾಪಿ, ಬಸ್ಸು, ಚಪ್ಪಲಿ ಬದಲು ಶೂ.

ಒಂಟಿಟೇಬಲ್ (ಮೂರು ವಾರದ ನಂತರ)

ವಾಪಸ್ ಬಂದೆ. ಕಾಲು ಇನ್ನೂ ನೋಯ್ತಿದೆ.

ಲೆಕ್ಕ ಮೊದಲು. ಖರ್ಚು ಮೂರೂವರೆ ಕಾಪಿ, ಮೇಷ್ಟ್ರು ಹೇಳಿದಷ್ಟೇ. ಮಾರಿದ್ದು 17. ಮೇಳದ ಇತಿಹಾಸದಲ್ಲಿ ಇದೇನು ದಾಖಲೆ ಅಲ್ಲ, ನನ್ನ ಮಟ್ಟಿಗೆ ನೆಂಟರಿಲ್ಲದ ದಾಖಲೆ. ಅಕ್ಕ ಹೇಳಿದ್ದು ನಿಜ, ಹದಿನೇಳರಲ್ಲಿ ಒಂಬತ್ತೋ ಹತ್ತೋ ಮಕ್ಕಳ ಜೊತೆ ಬಂದೋರು ತಗೊಂಡಿದ್ದು.

ಒಂದೇ ವಾಕ್ಯ ಅಂದ್ರಲ್ಲ, ಅದಕ್ಕೆ ಬಸ್ಸಲ್ಲಿ ಹೋಗ್ತಾ ಹೋಗ್ತಾ ಏಳೆಂಟು ಮಾಡ್ಕೊಂಡಿದ್ದೆ. ಬೆಳಿಗ್ಗೆ "ಇದು ಎರಡು ತಲೆಮಾರಿನ ಕಥೆ" ಅಂದೆ, ಜನ ತಲೆ ಆಡಿಸಿ ಹೋದ್ರು. ಹನ್ನೊಂದು ಗಂಟೆ ಹೊತ್ತಿಗೆ ಒಂದು ಹೆಂಗಸು "ಏನ್ರೀ ಇದು" ಅಂದಾಗ ತಡವರಿಸಿ "ಮನೆ ಮಾರಿದ್ಮೇಲೆ ಕೀಲಿ ಕೊಡದೇ ಇಟ್ಕೊಂಡಿದ್ದ ಅಜ್ಜಿ ಕಥೆ" ಅಂದ್ಬಿಟ್ಟೆ. ಅವರು ಪುಸ್ತಕ ಕೈಗೆತ್ಕೊಂಡು "ಯಾಕೆ ಕೊಡ್ಲಿಲ್ಲ?" ಅಂದ್ರು. ಹೇಳೋಕೆ ಬಾಯಿ ತೆಗ್ದೆ, ಅಕ್ಕ ಪಕ್ಕದಿಂದ ಕಾಲು ತುಳಿದ್ರು. ಸುಮ್ನಾದೆ. ಅವರು ತಗೊಂಡ್ರು. ಸಂಜೆವರೆಗೂ ಅದೇ ವಾಕ್ಯ. ಆ ಕೀಲಿ ವಿಷಯ ನನ್ನ ಬೆನ್ನುಡೀಲಿ ಎಲ್ಲೂ ಇಲ್ಲ, ಅಲ್ಲಿರೋದು ಬದಲಾಗುತ್ತಿರುವ ಮೌಲ್ಯಗಳು, ಸಂಬಂಧಗಳ ಸೂಕ್ಷ್ಮತೆ ಇಂಥವೇ. ನಾಲ್ಕು ವರ್ಷ ಬರೆದೋನು ನಾನು, ಅದ್ರಲ್ಲಿ ಏನಿದೆ ಅಂತ ಕೇಳಿದ್ರೆ ಹೇಳೋಕೆ ಬರ್ತಿರ್ಲಿಲ್ಲ.

ಇನ್ನೊಂದು ನಡೀತು. ಮೂರು ಗಂಟೆ ಇರ್ಬೇಕು, ಒಬ್ರು ವಯಸ್ಸಾದೋರು ಬಂದು ನಿಂತ್ರು, ಬಗಲಲ್ಲಿ ನನ್ನದೇ ಪುಸ್ತಕ. ಹೋದ ಸಲ ಜನರೇಟರ್ ಪಕ್ಕ ಕೂತಿದ್ದಾಗ ತಗೊಂಡಿದ್ರಲ್ಲ ಮೂರು ಜನ, ಅವರಲ್ಲಿ ಒಬ್ರು. ನಾನು ಹೊಗಳ್ತಾರೇನೋ ಅಂತ ಹಲ್ಲು ಕಿರಿದೆ. ಅವರು ಜೇಬಿಂದ ಒಂದು ಮಡಿಸಿದ ಹಾಳೆ ತೆಗೆದ್ರು, ರೂಲ್ಡ್ ಹಾಳೆ, ಎಡಗಡೆ ಪುಟ, ಮಧ್ಯ ಸಾಲು, ಬಲಗಡೆ ತಪ್ಪು ಮತ್ತೆ ಅದಕ್ಕೆ ಒಪ್ಪು, ಸ್ಕೇಲ್ ಇಟ್ಟು ಗೆರೆ ಎಳೆದಿದಾರೆ. 19 ತಪ್ಪು. ಬಹುತೇಕ ಅಲ್ಪಪ್ರಾಣ ಮಹಾಪ್ರಾಣ, ಒಂದೆರಡು ಕಡೆ ಒತ್ತಕ್ಷರ ಬಿಟ್ಟಿದೆ. ಆದ್ರೆ ಪುಟ 112 ಮಾತ್ರ ಕೆಂಪು ಇಂಕಲ್ಲಿ ಬರೆದಿದ್ರು. ಅಲ್ಲಿ ಅತ್ತೆ ಹೆಸರು ಸರೋಜ ಇರೋದು ಅರ್ಧ ಪುಟ ಸರಳ ಆಗಿ ಮತ್ತೆ ಸರೋಜ ಆಗತ್ತೆ. "ನಾನು ಇನ್ನೊಬ್ಳು ಬಂದ್ಳು ಅಂತ ಹಿಂದಕ್ಕೆ ಹೋಗಿ ಎರಡು ಅಧ್ಯಾಯ ಮತ್ತೆ ಓದ್ದೆ" ಅಂದ್ರು. ಹಳೇ ಕರಡಲ್ಲಿ ಅವಳ ಹೆಸರು ಸರಳ ಇತ್ತು, ಬದಲಾಯಿಸೋವಾಗ ಅಷ್ಟು ಉಳ್ಕೊಂಡಿದೆ. ನೆಂಟರು ಫ್ರೆಂಡ್ಸು 58 ಜನ ತಗೊಂಡ್ರಲ್ಲ, ಒಬ್ರೂ ಇದನ್ನ ಹೇಳಿಲ್ಲ ನಂಗೆ. ಅಂದ್ರೆ ಯಾರೂ 112ಕ್ಕೆ ಬಂದಿಲ್ಲ.

ಪುಸ್ತಕ ಹೆಂಗಿತ್ತು ಸರ್ ಅಂತ ಕೇಳ್ದೆ. "ಮುಂದಿನದು ಯಾವಾಗ" ಅಂದ್ರು. ಅಷ್ಟೇ, ಹೋದ್ರು.

ಈಗ ಪ್ರಶ್ನೆ. ಫ್ರೀಯಾಗಿ ಕೊಟ್ಟಿದ್ದೆಲ್ಲ ಬಿಟ್ರೆ ಮನೇಲಿ ಇನ್ನೂ 312 ಕಾಪಿ ಇವೆ. ಏನ್ ಮಾಡ್ಲಿ?

ಸುಮ್ನೆಓದುಗ

ಆ ಹಾಳೆ ಜೋಪಾನವಾಗಿ ಇಟ್ಕೊಳ್ಳಿ ಸರ್.

ಉತ್ತರದ_ಕವಿ

19 ತಪ್ಪು ಹುಡುಕ್ಯಾರಂದ್ರ 208 ಪುಟನೂ ಓದ್ಯಾರ. ನನಗ ಅಂಥವ್ರು ಒಬ್ರು ಸಿಗ್ಲಿ ಸಾಕ್ರಿ.

ಕರಡುಕಣ್ಣು

18 ತಪ್ಪಿಗೆ ಒಂದು ತಪ್ಪು-ಒಪ್ಪು ಚೀಟಿ ಅಚ್ಚು ಹಾಕ್ಸಿ ಒಳಗಿಡಿ, ಅಂಗೈ ಅಗಲ ಸಾಕು. ಪುಟ 112 ಮಾತ್ರ ಚೀಟೀಲಿ ಬಿಡೋಹಂಗಿಲ್ಲ, ಚೀಟಿ ಯಾರೂ ಮೊದಲೇ ಓದಲ್ಲ, ಅಲ್ಲಿಗೆ ಬಂದು ಎಡವೇ ಎಡವ್ತಾರೆ. ಅದನ್ನ ಕೈಯಲ್ಲೇ ತಿದ್ದಿ. ಕಪ್ಪು ಪೆನ್, ಸಣ್ಣ ಮೊನೆ, ಜೆಲ್ ಬೇಡ, ಹಿಂದಿನ ಪುಟಕ್ಕೆ ಹೊಡಿಯತ್ತೆ. ಎಷ್ಟು ಸಲ ಬಂದಿದೆ ಸರಳ ಅಂತ?

ಒಂಟಿಟೇಬಲ್

ಏಳು ಸಲ. 312 × 7. ಮೇಷ್ಟ್ರು ಲೆಕ್ಕ ಹಾಕೋಕೆ ಮುಂಚೆ ನಾನೇ ಹೇಳ್ತೀನಿ, 2184.

ಲೆಕ್ಕದಮೇಷ್ಟ್ರು

ಒಂದಕ್ಕೆ 5 ಸೆಕೆಂಡ್ ಅಂದ್ರೂ ಮೂರು ಗಂಟೆ. ಪುಟ ಹುಡುಕೋ ಟೈಮ್ ಬೇರೆ. ಎಲ್ಲಾ ಒಂದೇ ದಿನ ಮಾಡ್ಬೇಡಿ, ಮೇಳಕ್ಕೆ ಬೇಕಾದ 25 ಮೊದಲು.

ಒಂಟಿಟೇಬಲ್

ನಿನ್ನೆ ರಾತ್ರಿ ಕೂತ್ವಿ. ಹೆಂಡ್ತಿ ಪುಟ ಬಿಚ್ಚಿ ಕೊಡೋದು, ನಾನು ತಿದ್ದೋದು. 25 ಅಂತ ಕೂತೋರು 40 ಮುಗಿಸಿದ್ವಿ. 41ನೇದು ಕೈಗೆ ಕೊಡೋವಾಗ ಅವಳು ಎದುರಿನ ಪುಟ ಓದ್ತಾ ಇದ್ಳು, 113. "ರೀ, ಇಲ್ಲಿ ಕೀಲಿ ಎಡಗೈಲಿದೆ, ಕೆಳಗೆ ಬಲಗೈಲಿದೆ" ಅಂದ್ಳು. ಆ ಹಾಳೇಲಿ ಇದು ಇಲ್ಲ.

ಕರಡುಕಣ್ಣು

ಇನ್ನೊಂದು ಕಾಪಿಗೂ ಪೆನ್ ಮುಟ್ಟಿಸ್ಬೇಡಿ. ಒಂದು ಪುಸ್ತಕ ನಂಗೆ ಕಳ್ಸಿ, ಪೂರ್ತಿ ಬೆಲೆಗೆ.